ಮಂಚದ ಕಂಬಿಯ ಮೇಲೆ ಎರಡು ಏಟು

ಕಂಬಂನಿಂದ ಕಾಮಯಗೌಂಡನ್‌ಪಟ್ಟಿಯ ಕಡೆಗೆ ಹೋಗುವ ರಸ್ತೆಯಲ್ಲಿ, ದ್ರಾಕ್ಷಿಯ ಚಪ್ಪರಗಳು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ತಗಡಿನ ಒಂದು ಶೆಡ್ಡು ಇದೆ. ಒಳಗೆ, ಬೆಳಕು ಚೆನ್ನಾಗಿ ಬೀಳುವ ಕಡೆ, ಒಂದು ಕಬ್ಬಿಣದ ಮಂಚ. ಮಂಚದ ಮೇಲೆ ಎರಡು ದಿಂಬುಗಳ ನಡುವೆ ಮುತ್ತುಸಾಮಿ ಕುಳಿತಿರುತ್ತಾನೆ. ಅವನ ಎಡಗೈಯಲ್ಲಿ ಹದಿನಾಲ್ಕನೆಯ ನಂಬರಿನ ಒಂದು ಸ್ಪ್ಯಾನರ್. ಬಲಗೈ ತೊಡೆಯ ಮೇಲೆ ಮಲಗಿರುತ್ತದೆ. ಅದನ್ನು ಯಾರೋ ಅಲ್ಲಿ ಮರೆತು ಹೋದಂತೆ.

ಕೆಟ್ಟ ಗಾಡಿ ತಂದವರು ಮೊದಲು ಹೋಗುವುದು ಆ ಮಂಚದ ಹತ್ತಿರ. ಚಪ್ಪಲಿ ಬಿಟ್ಟು, ಮಂಚದ ಅಂಚಿನಲ್ಲಿ ಕೂತು, ಗಾಡಿಯ ಕಷ್ಟವನ್ನೆಲ್ಲ ಅವನಿಗೆ ಹೇಳುತ್ತಾರೆ. ಅವನು ಕೇಳುತ್ತಾನೆ. ಹೆಂಡತಿ ತಿಲಗವತಿ ಬಾನೆಟ್ಟು ಎತ್ತಿ ನೋಡುತ್ತಾಳೆ, ಪ್ಲಗ್ಗು ಬಿಚ್ಚಿ ತಂದು ಅವನ ಮೂಗಿನ ಹತ್ತಿರ ಹಿಡಿಯುತ್ತಾಳೆ, ಆಮೇಲೆ ಗಟ್ಟಿಯಾಗಿ ಕೇಳುತ್ತಾಳೆ: ಇದು ಇಂಥದ್ದು, ಸರಿ ತಾನೆ? ಅವನು ಮಂಚದ ಕಂಬಿಗೆ ಸ್ಪ್ಯಾನರಿನಿಂದ ಬಡಿಯುತ್ತಾನೆ. ಒಂದು ಏಟು ಎಂದರೆ ಹೌದು. ಎರಡು ಎಂದರೆ ಅಲ್ಲ. ಮೂರು ವರ್ಷಗಳಲ್ಲಿ ಆ ಕಂಬಿಯ ಮೇಲೆ ಎರಡು ಏಟು ಬಿದ್ದದ್ದನ್ನು ಯಾರೂ ಕೇಳಿಲ್ಲ.

ಕೇಳದಿರುವುದಕ್ಕೆ ಕಾರಣ ತಿಲಗವತಿಗೆ ಮಾತ್ರ ಗೊತ್ತು, ಮತ್ತು ಅವನಿಗೆ. ಗಾಡಿಯ ಕಾಯಿಲೆ ಏನೆಂದು ಅವಳಿಗೆ ಖಚಿತವಾದಾಗ ಕೈ ಒರೆಸುವ ಬಟ್ಟೆಯನ್ನು ಎಡ ಭುಜದ ಮೇಲೆ ಹಾಕಿಕೊಳ್ಳುತ್ತಾಳೆ. ಬಟ್ಟೆ ಭುಜದ ಮೇಲೆ ಬಿದ್ದರೆ ಅವನು ಬಡಿಯುತ್ತಾನೆ. ಬಟ್ಟೆ ಕೈಯಲ್ಲೇ ಇದ್ದರೆ ಕಾಯುತ್ತಾನೆ. ಅಷ್ಟೇ ಅವರ ಒಪ್ಪಂದ. ಅದನ್ನು ಇಬ್ಬರೂ ಯಾವತ್ತೂ ಮಾತಾಡಿ ಮಾಡಿಕೊಂಡದ್ದಲ್ಲ.

ಅವಳು ಆಂಡಿಪಟ್ಟಿಯವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗ ಗಂಡ ಈ ಕಣಿವೆಗೆಲ್ಲ ಹೆಸರಾದ ಮೆಕಾನಿಕ್. ಕಾರ್ಬುರೇಟರ್ ಮುತ್ತುಸಾಮಿ ಎಂದೇ ಕರೆಯುತ್ತಿದ್ದರು. ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ಮೂಸಿ, ಇದಕ್ಕೆ ಪೆಟ್ರೋಲು ಜಾಸ್ತಿ, ಇದಕ್ಕೆ ಗಾಳಿ ಜಾಸ್ತಿ ಎಂದು ಹೇಳುತ್ತಿದ್ದ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಇಂಜಿನ್ನು ನಿದ್ದೆ ಹೋದ ಮಗುವಿನ ಹಾಗೆ ಉಸಿರಾಡುತ್ತಿತ್ತು. ಅವಳ ಕೆಲಸ ಟಾರ್ಚು ಹಿಡಿಯುವುದು. "ನನ್ ಕಣ್ಣು ಎಲ್ಲಿ ಓಗ್ತದೋ ಅಲ್ಲಿ ಬೆಳಕು ಓಗ್ಬೇಕು" ಎಂದು ಅವನು ಗದರುತ್ತಿದ್ದ. ಇಪ್ಪತ್ತು ವರ್ಷ ಅವಳು ಅವನ ಕಣ್ಣು ಹೋದ ಕಡೆಗೆಲ್ಲ ಬೆಳಕು ಹಿಡಿದಳು. ಹಾಗೆ ಹಿಡಿಯುತ್ತ ಹಿಡಿಯುತ್ತ, ಅವನ ಕಣ್ಣು ಮುಂದೆ ಎಲ್ಲಿ ಹೋಗಲಿದೆ ಎಂದು ಅವನಿಗಿಂತ ಮೊದಲು ತಿಳಿಯತೊಡಗಿತು.

ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಪೆಟ್ಟಿಗೆಯ ಗಾಡಿಗಳು ಬಂದಾಗ ದಿಂಡಿಗಲ್ಲಿನಲ್ಲಿ ಮೂರು ದಿನದ ಒಂದು ತರಬೇತಿ ನಡೆಯಿತು. ಅವನಿಗೆ ಕರೆ ಬಂದಿತ್ತು. ಅವನು ಹೋಗಲಿಲ್ಲ. ಕೊನೆಯ ದಿನ ಕೊಡುವ ಮೀಟರಿನ ಚೀಲಕ್ಕಾಗಿ ಹೆಂಡತಿಯನ್ನು ಕಳಿಸಿದ. ಅವಳು ಮೂರು ದಿನವೂ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ಹೊಗೆಯ ದಾರಿಯಲ್ಲಿ ಕೂರಿಸುವ ಆಕ್ಸಿಜನ್ ಸೆನ್ಸರನ್ನು ಅಲ್ಲೇ ಮೊದಲು ನೋಡಿದಳು. ಅದೂ ಒಂದು ಮೂಗು. ಉರಿದ ಹೊಗೆಯಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಮೂಸಿ ಕಂಪ್ಯೂಟರಿಗೆ ಹೇಳುತ್ತದೆ. ಗಾಳಿ ಜಾಸ್ತಿ ಉಳಿದಿದೆ ಎಂದರೆ ಕಂಪ್ಯೂಟರ್ ಪೆಟ್ರೋಲು ಹೆಚ್ಚಿಸುತ್ತದೆ, ಇಲ್ಲವೆಂದರೆ ತಗ್ಗಿಸುತ್ತದೆ. ಮನೆಗೆ ಬಂದು ಇದನ್ನು ಹೇಳಿದಾಗ ಅವನು ನಕ್ಕ. ಮೂಗಿಲ್ಲದವರು ಮಾಡಿಕೊಂಡ ಮೂಗು ಎಂದ. ಅಂದಿನಿಂದ ಯಾವ ಹೊಸ ಗಾಡಿ ಕೆಟ್ಟು ಬಂದರೂ ಅವನ ಮೊದಲ ಮಾತು ಒಂದೇ: ಆ ಸೆನ್ಸರ್ ಹೋಗಿದೆ, ಕಿತ್ತು ಬಿಸಾಡು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೈಯಲ್ಲಿದ್ದ ಟೀ ಲೋಟ ಬಿತ್ತು. ಆಮೇಲೆ ಅವನೂ ಬಿದ್ದ. ಬಲಭಾಗ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಬಂದು ಇಪ್ಪತ್ತು ದಿನಕ್ಕೆ ಕುಮಳಿಯ ಒಂದು ಜೀಪು ಶೆಡ್ಡಿಗೆ ಬಂತು. ಅವಳು ನೋಡಿದಳು, ಕಾಯಿಲೆ ಹಿಡಿದಳು. ಜೀಪಿನವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೀಲಿ ಎತ್ತಿಕೊಂಡ. ಆಗ ಅವಳ ಬಾಯಿಂದ ತಾನಾಗಿ ಬಂತು: "ನಾನಲ್ಲ ಏಳ್ದದ್ದು. ಅವ್ರೇ ಕೈಸನ್ನೆ ಮಾಡಿ ಏಳಿದ್ರು." ಮಂಚದ ಮೇಲಿಂದ ಟಣ್ ಎಂದು ಒಂದು ಶಬ್ದ. ಅವನ ಎಡಗೈಯಲ್ಲಿ, ಯಾವಾಗ ಎತ್ತಿಕೊಂಡಿದ್ದನೋ, ಒಂದು ಸ್ಪ್ಯಾನರಿತ್ತು. ಜೀಪಿನವನು ಕೀಲಿ ಕೆಳಗಿಟ್ಟ. ಅವತ್ತು ತೆರೆದ ಬಾಗಿಲೊಳಗೆ ಅವಳು ಹೋದಳು. ಆ ಬಾಗಿಲು ಹೊರಗಿನಿಂದ ಮುಚ್ಚಿಕೊಂಡದ್ದು ನಿಧಾನವಾಗಿ ತಿಳಿಯಿತು.

ಶೆಡ್ಡು ಬಿಟ್ಟು ಹೋಗುವಂತಿಲ್ಲ. ಅವನನ್ನು ಎತ್ತಬೇಕು, ಒರಗಿಸಬೇಕು, ಉಣಿಸಬೇಕು. ಮನೆಯಲ್ಲೇ ಬಿಡುವಂತಿಲ್ಲ; ಮಂಚದ ಮೇಲೆ ಅವನಿಲ್ಲದಿದ್ದರೆ ಗಾಡಿ ನಿಲ್ಲುವುದಿಲ್ಲ. ಚಿನ್ನಾಳಪಟ್ಟಿಯ ತಂಗಿ ಗೋಮತಿ ತಾನೇ ನೇಯ್ದ ಸೀರೆ ಉಡಿಸಬೇಕೆಂದು ಎರಡು ದೀಪಾವಳಿಗೆ ಕರೆದಳು. ಸೀರೆ ಬಸ್ಸಿನಲ್ಲಿ ಬಂತು. ಅದರ ಮಡಿಕೆ ಇನ್ನೂ ಬಿಚ್ಚಿಲ್ಲ.

ಮಾರ್ಚಿನ ಒಂದು ಬುಧವಾರ ಬೆಳಿಗ್ಗೆ ಚಿನ್ನತಂಬಿಯ ಬಿಳಿ ಕಾರು ಬಂತು. ದ್ರಾಕ್ಷಿತೋಟದವನು, ಮುತ್ತುಸಾಮಿಗೆ ದೂರದ ತಮ್ಮನಾಗಬೇಕು. ಕಾರಿಗೆ ಇಪ್ಪತ್ತು ವರ್ಷ. ಕಾರು ಬರುವ ಮೊದಲು ಹೊಗೆ ಬಂತು, ಹೊಗೆಗಿಂತ ಮೊದಲು ಸುಡದ ಪೆಟ್ರೋಲಿನ ಕಟು ವಾಸನೆ. ತಿಲಗವತಿ ಒಂದು ಮಿನಿ ಲಾರಿಯ ಕೆಳಗೆ ಮಲಗಿದ್ದಳು.

"ಅಣ್ಣಾ, ಉಂಡ್ಯಾ?" ಚಿನ್ನತಂಬಿ ಮಂಚದ ಅಂಚಿನಲ್ಲಿ ಕೂತ. "ಪೊಂಗಲ್ ಆದಾಗಿಂದ ಇಡ್ಕಂಡೈತೆ ಈ ಪೀಡೆ. ಒಗೆ ನೋಡು, ಕಾಗೆ ಬಣ್ಣ. ಪೆಟ್ರೋಲು ಉಯ್ದಷ್ಟೂ ಕುಡೀತೈತೆ. ಇಂಜಿನ್ ಲೈಟು ಆರೋದೇ ಇಲ್ಲ. ತೇನಿ ಟೌನಿನಾಗೆ ತೋರ್ಸ್ದೆ, ಸೆನ್ಸರ್ ಓಗೈತೆ ಅಂತ ಒಸದು ಆಕಿದ್ರು. ಅದೇ ಕತೆ. ಈಗ ಕೇಳಿದ್ರೆ ಆ ಸೆನ್ಸರ್ರೇ ಡೂಪ್ಲಿಕೇಟು ಅಂತಾರೆ."

ಅಂಗಿಯ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. "ಅದ್ಕೆ ನಾನೇ ದಿಂಡಿಗಲ್‌ಗೆ ಓಗಿ ಒರಿಜಿನಲ್ ತಂದೀನಿ. ನಾಡಿದ್ದು ವೆಳ್ಳಿಕ್ಕಿಳಮೆ ಕುಮಳಿಗೆ ಓಗಿ ಮಗಳು ತೇನ್‌ಮೊಳಿನ ಎರಿಗೆಗೆ ಕರ್ಕೊಂಡ್ ಬರ್ಬೇಕು. ಏಳು ತಿಂಗ್ಳಾತು ಅವ್ಳಿಗೆ. ಓದ ಸಲ ಘಾಟಿನಾಗೆ ಎರಡು ಕಡೆ ನಿಂತೋಯ್ತು, ಈ ವಾಸ್ನೆಗೆ ಆ ಉಡುಗಿ ದಾರಿ ಉದ್ದ ವಾಂತಿ. ಬಾಡ್ಗೆ ವಂಡಿ ಮಾಡಾಣ ಅಂದ್ರೆ ಅವ್ವ ಒಪ್ಪಲ್ಲ. ಸೀಮಂತದ ಬಳೆ ತೊಟ್ಟ ಉಡುಗಿ ಮನೆ ವಂಡೀಲೇ ಬರ್ಬೇಕಂತೆ. ಏಳಣ್ಣಾ, ಈ ಸೆನ್ಸರ್ ಆಕಿಸ್ಬಿಡ್ಲಾ?"

"ಇರು ತಂಬಿ," ತಿಲಗವತಿ ಲಾರಿಯ ಕೆಳಗಿನಿಂದ ಕೂಗಿದಳು. "ಬಾನೆಟ್ ಎತ್ತಿ ಒಂದು ಸಲ ನೋಡ್ಬಿಟ್ಟು—"

ಟಣ್.

ಅವಳು ಲಾರಿಯ ಕೆಳಗಿನಿಂದ ಸರಿದು ಎದ್ದಳು. ಬಟ್ಟೆ ಅವಳ ಕೈಯಲ್ಲೇ ಇತ್ತು. ಮುತ್ತುಸಾಮಿ ಅವಳನ್ನು ನೋಡಲಿಲ್ಲ. ಸೆನ್ಸರ್ ಎಂಬ ಶಬ್ದ ಕೇಳಿದ್ದೇ ಹಳೆಯ ಮುತ್ತುಸಾಮಿ ಎದ್ದುಬಂದಿದ್ದ. ಮುಖದಲ್ಲಿ ಮೂರು ವರ್ಷದಿಂದ ಕಾಣದ ಒಂದು ಗರ್ವವಿತ್ತು.

"ಮುಗೀತು," ಎಂದ ಚಿನ್ನತಂಬಿ, ಡಬ್ಬಿಯನ್ನು ಬೆಂಚಿನ ಮೇಲಿಟ್ಟು. "ಅಣ್ಣನ ಬಾಯಾಗೆ ಬಂತಲ್ಲ, ಇನ್ನೇನು. ಆಕಿಡು ಅತ್ತಿಗೆ. ನಾಳೆ ಮೂರು ಗಂಟೆಗೆ ಬತ್ತೀನಿ."

ಅವನು ಹೋದ ಮೇಲೆ ಅವಳು ಮಂಚದ ಹತ್ತಿರ ನಿಂತಳು. "ನಾ ನೋಡೋ ಮುಂಚೇನೇ ಏಳ್ಬಿಟ್ರಲ್ಲ," ಎಂದಳು ಮೆಲ್ಲಗೆ. ಅವನು ಸ್ಪ್ಯಾನರನ್ನು ಎದೆಗೆ ಒತ್ತಿಕೊಂಡು ರಸ್ತೆಯ ಕಡೆ ನೋಡುತ್ತಿದ್ದ.

ಅವಳು ಪ್ಲಗ್ಗುಗಳನ್ನು ಬಿಚ್ಚಿದಳು. ನಾಲ್ಕೂ ದೀಪದ ಬುರುಡೆಯ ಒಳಗೋಡೆಯಂತೆ ಮಸಿ ಹಿಡಿದಿದ್ದವು. ತಿಂದದ್ದು ಸುಡಲಾರದಷ್ಟು ಪೆಟ್ರೋಲು ಇಂಜಿನ್ನಿಗೆ ಬೀಳುತ್ತಿದೆ. ಹಾಗಿದ್ದರೆ ಮೂಗು ಕಂಪ್ಯೂಟರಿಗೆ ಸಾಕು ಎನ್ನಬೇಕಿತ್ತು. ಗಾಡಿ ಚಾಲೂ ಮಾಡಿ, ಇಂಜಿನ್ನು ಕಾಯುವವರೆಗೆ ನಿಂತು, ಸೆನ್ಸರಿನ ತಂತಿಗೆ ಮೀಟರು ಹಚ್ಚಿದಳು. ಆರೋಗ್ಯದ ಗಾಡಿಯಲ್ಲಿ ಆ ಅಂಕಿ ಸೊನ್ನೆ ಪಾಯಿಂಟ್ ಒಂದರಿಂದ ಸೊನ್ನೆ ಪಾಯಿಂಟ್ ಒಂಬತ್ತರವರೆಗೆ ಉಯ್ಯಾಲೆ ಆಡುತ್ತಿರುತ್ತದೆ. ಇಲ್ಲಿ ಪಾಯಿಂಟ್ ಒಂದರಲ್ಲೇ ನಿಂತಿತ್ತು. ಗಾಳಿ ಜಾಸ್ತಿ, ಗಾಳಿ ಜಾಸ್ತಿ, ಪೆಟ್ರೋಲು ಹಾಕು ಎಂದು ಒಂದೇ ಸಮನೆ ಹೇಳುತ್ತಿತ್ತು.

ತೇನಿಯ ಮೆಕಾನಿಕ್‌ಗಳು ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ಅಂಕಿ ಅಲ್ಲಾಡುವುದಿಲ್ಲ, ಆದ್ದರಿಂದ ಸೆನ್ಸರ್ ಸತ್ತಿದೆ. ಅವಳು ಗಾಳಿ ಒಳಗೆ ಹೋಗುವ ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಇಂಜಿನ್ನು ಉಸಿರುಕಟ್ಟಿ ನಡುಗಿತು. ಮೀಟರಿನ ಅಂಕಿ ಸರಸರನೆ ಎಂಟಕ್ಕೆ ಏರಿತು. ಕೈ ತೆಗೆದಳು, ಮತ್ತೆ ಒಂದಕ್ಕೆ ಇಳಿಯಿತು. ಮೂರು ಸಲ ಮಾಡಿದಳು, ಮೂರು ಸಲವೂ ಹಾಗೇ.

ಸೆನ್ಸರ್ ಸತ್ತಿರಲಿಲ್ಲ. ತನ್ನ ಮುಂದೆ ಬಂದದ್ದನ್ನು ಸರಿಯಾಗಿಯೇ ಮೂಸಿ ಹೇಳುತ್ತಿತ್ತು. ಇಂಜಿನ್ನಿಗೂ ಅದಕ್ಕೂ ನಡುವೆ ಎಲ್ಲೋ ಹೊರಗಿನ ಗಾಳಿ ಹೊಗೆಯ ದಾರಿಗೆ ನುಗ್ಗುತ್ತಿತ್ತು. ಆ ದಾರಿ ಒಂದು ಮೊಳ ಉದ್ದದ್ದು: ಇಂಜಿನ್ನಿನ ನಾಲ್ಕು ಬಾಯಿಗಳ ಹೊಗೆಯನ್ನು ಕೂಡಿಸಿ ಕೆಳಗೆ ಒಯ್ಯುವ ಬೀಡುಕಬ್ಬಿಣದ ಮ್ಯಾನಿಫೋಲ್ಡು. ಅದರ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಟಾರ್ಚು ಹಿಡಿದಳು. ಕಣ್ಣಿಗೆ ಏನೂ ಸಿಗಲಿಲ್ಲ. ಆದರೆ ಮುಚ್ಚಳದ ಒಳ ಅಂಚಿನಲ್ಲಿ, ಪಕ್ಕದ ರಬ್ಬರು ಕೊಳವೆಯ ಮೇಲೆ, ಒಣಗಿದ ಹಳದಿಯ ಕಲೆಗಳಿದ್ದವು. ತುಕ್ಕಿನ ಹಳದಿಯಲ್ಲ. ಉಗುರಿನಿಂದ ಕೆರೆದು ಮೂಸಿದಳು. ಅರಿಶಿನ.

ಇಂಜಿನ್ನು ಆರಿದ ಮೇಲೆ ಎದುರಿನ ತೋಟದಿಂದ ದ್ರಾಕ್ಷಿಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇಸಿದುಕೊಂಡು ಬಂದಳು. ಔಷಧಿಯಿಲ್ಲದೆ ಬರಿಯ ಗಾಳಿ ಊದುವಂತೆ ಮಾಡಿ, ಅದರ ಬಾಯನ್ನು ಸೈಲೆನ್ಸರಿನ ಬಾಯಿಗೆ ಹಳೆ ಲುಂಗಿ ಸುತ್ತಿ ಕಟ್ಟಿದಳು. ಗಾಳಿ ಹಿಂದಿನಿಂದ ಇಂಜಿನ್ನಿನ ಕಡೆಗೆ ತುಂಬಿತು. ಮ್ಯಾನಿಫೋಲ್ಡಿನ ಮೇಲೆಲ್ಲ ಸೋಪಿನ ನೀರು ಹಚ್ಚಿ ಕಾದಳು. ಎರಡನೆಯ ಮತ್ತು ಮೂರನೆಯ ಕೊಳವೆ ಕೂಡುವ ಕಡೆ, ಎಳೆ ದ್ರಾಕ್ಷಿ ಗೊನೆಯ ಹಾಗೆ, ಗುಳ್ಳೆಗಳು ಒಂದೊಂದಾಗಿ ಮೂಡಿದವು.

ಅಲ್ಲಿ ಕೂದಲಿನಷ್ಟು ಸೀಳು ಇತ್ತು.

ಅವಳು ಬಟ್ಟೆಯನ್ನು ಭುಜಕ್ಕೆ ಹಾಕಿಕೊಳ್ಳಲು ಎತ್ತಿ, ನಿಲ್ಲಿಸಿದಳು. ಕೇಳುವುದಕ್ಕೆ ಏನಿದೆ? ಏಟು ಆಗಲೇ ಬಿದ್ದಾಗಿದೆ. ಬೆಂಚಿನ ಮೇಲೆ ಡಬ್ಬಿ ಕೂತಿದೆ. ಒಂದು ದಾರಿಯಿತ್ತು, ಸುಲಭದ್ದು. ಸೀಳನ್ನು ಯಾರಿಗೂ ಹೇಳದೆ ಬೆಸೆಸಿಬಿಡುವುದು. ಹೊಸ ಸೆನ್ಸರನ್ನೂ ಕೂರಿಸಿಬಿಡುವುದು. ಗಾಡಿ ಓಡುತ್ತದೆ, ಅಣ್ಣ ಹೇಳಿದ್ದೇ ಸರಿ ಎನ್ನುತ್ತಾರೆ. ಮೂರು ವರ್ಷ ಮಾಡಿದ್ದಕ್ಕಿಂತ ಇದೇನು ದೊಡ್ಡದಲ್ಲ. ಹಾಗೆಂದುಕೊಂಡೇ ಅವಳು ಮ್ಯಾನಿಫೋಲ್ಡು ಬಿಚ್ಚಿದಳು, ಹಾಗೆಂದುಕೊಂಡೇ ಅವನಿಗೆ ಗಂಜಿ ಕುಡಿಸಿದಳು. ಸ್ಪ್ಯಾನರನ್ನು ಅವನ ಬೆರಳುಗಳಿಂದ ಬಿಡಿಸಿ ದಿಂಬಿನ ಕೆಳಗಿಟ್ಟು, ಅವನನ್ನು ಮನೆಗೆ ಸಾಗಿಸಿ ಶೆಡ್ಡು ಮುಚ್ಚಿದಳು.

ಗುರುವಾರ ಬೆಳಿಗ್ಗೆ ಚಿನ್ನತಂಬಿಯ ತಾಯಿ ವೆಳ್ಳೈಯಮ್ಮಾಳ್ ಬಸ್ಸಿಳಿದು ಬಂದಳು, ಸೆರಗಿನಲ್ಲಿ ಒಂದು ಗೊನೆ ಕಪ್ಪು ದ್ರಾಕ್ಷಿ ಕಟ್ಟಿಕೊಂಡು. ಎಪ್ಪತ್ತು ದಾಟಿದ ಹೆಂಗಸು. ಕುಳಿತ ಕಡೆ ಕೂರುವವಳಲ್ಲ.

"ಏನೇ ತಿಲಗಾ, ನಮ್ ವಂಡಿ ಒಟ್ಟೆ ಬಿಚ್ಚಿ ಮಡಗಿದೀಯ. ನಾಳೆ ಉಡುಗಿ ಬರ್ಬೇಕು, ಗೆಪ್ತಿ ಐತಾ?"

"ಐತವ್ವ. ಒಂದು ಕೇಳ್ಲಾ? ಈ ಇಂಜಿನ್ ಒಳಗೆ ಅರಿಶ್ನ ಎಂಗ್ ಬಂತು?"

ಮುದುಕಿಯ ಮುಖ ಅರಳಿತು. "ನಾನೇ ಉಯ್ದಿದ್ದು. ಎತ್ತು ಮಾರಿ ಏಳು ವರ್ಸ ಆತು. ಎತ್ತಿಗೆ ಪೂಜೆ ಮಾಡೋ ಮಾಟ್ಟುಪ್ಪೊಂಗಲ್ ದಿನ ಯಾರಿಗೆ ನೀರು ಉಯ್ಯಾದು ಏಳು? ಕೊಟ್ಟಿಗೇಲಿ ನಿಂತಿರಾದು ಇದೊಂದೇ. ಚಿನ್ನತಂಬಿ ಮಲೆ ಮೇಲಿನ ಕೋವಿಲ್‌ಗೆ ಓಗಿ ಬಂದ. ಬಂದ ತಕ್ಷಣ, ಬಾನೆಟ್ ಎತ್ತಪ್ಪ ಅಂದೆ. ಎತ್ತಿಗೆ ತಲೆ ಮೇಲೆ ತಾನೆ ಉಯ್ಯಾದು? ಒಂದು ತುಂಬಿದ ಕೊಡ ಅರಿಶ್ನದ ನೀರು ಉಯ್ದೆ. ಬುಸ್ ಅಂತು ನೋಡು, ನಿಜವಾದ ಎತ್ತೇ. ಒಗೆ ಇಷ್ಟೆತ್ತರ. ಒಳಗೆ ಒಂದು ಸಲ ಟಿಕ್ ಅಂತು. ಸಂತೋಸಕ್ಕೆ ಅಂತ ಅನ್ಕೊಂಡೆ."

ತಿಲಗವತಿಗೆ ನಗು ಬಂತು. ನಗುವಿನ ಹಿಂದೆಯೇ ಲೆಕ್ಕ ಕೂಡಿತು. ಘಾಟಿ ಹತ್ತಿ ಇಳಿದು ಕೆಂಡವಾದ ಬೀಡುಕಬ್ಬಿಣ, ಅದರ ಮೇಲೆ ಬಾವಿಯ ತಣ್ಣೀರು.

"ಅವ್ವಾ, ಆ ಟಿಕ್ ಅಂದದ್ದೇ ಒಡೆದದ್ದು. ಕಾದ ಕಬ್ಬಿಣಕ್ಕೆ ತಣ್ಣೀರು ಉಯ್ದ್ರೆ ಬಿರಿಯತ್ತೆ. ಇಲ್ನೋಡು."

ಮುದುಕಿ ಸೀಳಿನ ಕಡೆ ನೋಡಲೇ ಇಲ್ಲ. "ಓಗೇ. ಮುತ್ತುಸಾಮಿ ಸೆನ್ಸರ್ ಅಂತ ಏಳವ್ನೆ, ನೀನು ನನ್ ಮೇಲೆ ಆಕ್ತೀಯ. ಇಷ್ಟು ದಪ್ಪ ಇರುಂಬು ನೀರಿಗೆ ಒಡೆಯತ್ತಾ? ಉಡುಗಿ ನಾಳೆ ಬಂದು ಇಳೀತಿದ್ದಂಗೇ ಇನ್ನೊಂದು ಕೊಡ ಉಯ್ಯಾದು ಐತೆ. ಬಳೆ ತೊಟ್ಟವಳನ್ನ ಒತ್ಕೊಂಡ್ ಬಂದ ವಂಡಿ. ದೃಷ್ಟಿ ಆಗಲ್ವಾ?"

"ಬೇಡವ್ವ."

"ನೀ ಯಾರು ಬೇಡ ಅನ್ನಾಕೆ? ಮುತ್ತುಸಾಮಿ ಏಳ್ಲಿ, ಬಿಡ್ತೀನಿ."

ಇಬ್ಬರೂ ಮಂಚದ ಕಡೆ ತಿರುಗಿದರು. ಮುತ್ತುಸಾಮಿ ಕಣ್ಣು ಮುಚ್ಚಿದ್ದ. ಸ್ಪ್ಯಾನರ್ ಎದೆಯ ಮೇಲಿತ್ತು.

ಸುಲಭದ ದಾರಿ ಅಲ್ಲಿಗೆ ಮುಗಿಯಿತು. ಸೀಳನ್ನು ಗುಟ್ಟಾಗಿ ಬೆಸೆಸಿದರೆ ನಾಳೆಯೇ ಮತ್ತೆ ಒಡೆಯುತ್ತದೆ. ಹೆರಿಗೆಗೆಂದು ಅದೇ ಗಾಡಿಯಲ್ಲಿ ಆ ಹುಡುಗಿಯನ್ನು ಕರೆದುಕೊಂಡು ಹೋಗುವಾಗ ಎಲ್ಲಿ ನಿಲ್ಲುತ್ತದೋ. ಕೊಡ ನಿಲ್ಲಬೇಕಾದರೆ ಅಣ್ಣನ ಮಾತು ತಪ್ಪೆಂದು ಯಾರಾದರೂ ಹೇಳಬೇಕು. ಹೇಳಿದ ದಿನ, ಮಂಚದ ಮೇಲೆ ಉಳಿದಿರುವ ಆ ಮನುಷ್ಯನಲ್ಲಿ ಇನ್ನೇನು ಉಳಿಯುತ್ತದೆ?

"ಒಂದು ಗಂಟೆ ಇವ್ರ ಅತ್ರ ಕೂರ್ತೀಯಾ ಅವ್ವಾ? ಇದನ್ನ ಬೆಸೆಯಾಕೆ ಲೇತ್ ಪಟ್ಟರೇಲಿ ಕೊಟ್ ಬರ್ತೀನಿ," ಎಂದಳು.

ಮ್ಯಾನಿಫೋಲ್ಡನ್ನು ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವಳು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ನಡೆದಳು. ಒಬ್ಬಳೇ ನಡೆದು ಎಷ್ಟು ದಿನವಾಗಿತ್ತು ಎಂದು ಕಾಲಿಗೇ ಮರೆತಿತ್ತು. ಲೇತಿನ ವಸಂತಕುಮಾರ್ ಸೀಳು ನೋಡಿ, "ಅಣ್ಣ ಕಂಡ್ಹಿಡಿದ್ರಾ ಇದನ್ನ? ಇಂಥ ಸೀಳು ಕಣ್ಣಿಗೆ ಸಿಗಲ್ಲ ಅಕ್ಕಾ, ಮೂಗಿಗೇ ಸಿಗ್ಬೇಕು," ಎಂದ. ಅವನು ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಬೀಡಿನ ಸರಳಿನಿಂದ ಬೆಸೆದು, ಬಿಸಿಯಿರುವಾಗಲೇ ಬೂದಿಯ ಡಬ್ಬದಲ್ಲಿ ಹೂತ. "ಅವಸರ ಮಾಡ್ಬೇಡ. ಬೂದಿಯೊಳಗೇ ಆರ್ಬೇಕು. ಗಾಳಿ ತಾಕಿದ್ರೂ ಮತ್ತೆ ಬಿಡತ್ತೆ."

ಕಾಯುವ ಆ ಹೊತ್ತಿನಲ್ಲಿ ಅವಳು ಮೂಲೆಯ ಅಂಗಡಿಯ ಮುಂದೆ ನಿಂತು ಟೀ ಕುಡಿದಳು. ದಿಂಡಿಗಲ್ಲಿನ ಬಸ್ಸು ಬಂದು ಎದುರಿಗೇ ನಿಂತಿತು. ಹತ್ತಿದರೆ ದಿಂಡಿಗಲ್, ಇನ್ನೊಂದು ಬಸ್ಸಿಗೆ ಚಿನ್ನಾಳಪಟ್ಟಿ; ಮಗ್ಗದ ಸದ್ದಿನ ನಡುವೆ ಗೋಮತಿ ತಲೆಯೆತ್ತಿ ನೋಡುತ್ತಾಳೆ. ಕಂಡಕ್ಟರ್ ಇವಳ ಮುಖ ನೋಡಿದ. "ವರೀಂಗಳಾಮ್ಮಾ?" ಬರುವುದಿಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೋಯಿತು. ಬಸ್ಸು ನಿಂತಿದ್ದ ಜಾಗದಲ್ಲಿ ಬಿಸಿಲು ಬಂದು ನಿಂತಿತು. ಅವಳು ಲೋಟ ಇಟ್ಟು ಲೇತಿನ ಕಡೆಗೇ ನಡೆದಳು. ಬೇರೆ ಕಡೆಗೆ ನಡೆಯುವುದು ಕಾಲಿಗೆ ತಿಳಿಯಲಿಲ್ಲ.

ಹಿಂದಿರುಗಿದಾಗ ಮುದುಕಿ ಮುತ್ತುಸಾಮಿಗೆ ದ್ರಾಕ್ಷಿ ಸುಲಿದು ತಿನ್ನಿಸುತ್ತಿದ್ದಳು. "ನಿನ್ ಗಂಡ ಒಳ್ಳೇವ್ನು ಕಣೇ. ನಾ ಏಳಿದ್ದಕ್ಕೆಲ್ಲ ಒಂದೇ ಏಟು," ಎಂದು ಎದ್ದು, ಮನೆಯಲ್ಲಿ ಹೋಳಿಗೆಗೆ ಬೇಳೆ ನೆನೆಸಬೇಕೆಂದು ಬಸ್ಸಿಗೆ ಹೋದಳು.

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ತಿಲಗವತಿ ಮ್ಯಾನಿಫೋಲ್ಡನ್ನು ಗೋಣಿಯಿಂದ ತೆಗೆದು ಅವನ ತೊಡೆಯ ಮೇಲಿಟ್ಟಳು. ಕೈಯಿಂದ ಸ್ಪ್ಯಾನರ್ ಬಿಡಿಸಿ, ಅವನ ಎಡ ಹೆಬ್ಬೆರಳನ್ನು ಹಿಡಿದು, ಹೊಸ ಬೆಸುಗೆಯ ಉಬ್ಬಿನ ಮೇಲೆ ನಿಧಾನವಾಗಿ ಎಳೆದಳು. ಬೆರಳು ಒಂದು ಸಲ ಹೋಯಿತು. ಆಮೇಲೆ ಅವಳ ಸಹಾಯವಿಲ್ಲದೆ ಹಿಂದಕ್ಕೆ ಬಂತು, ಮತ್ತೆ ಹೋಯಿತು. ಎಲ್ಲಿಂದ ಎಲ್ಲಿಗೆ ಒಡೆದಿತ್ತು, ಎಷ್ಟು ಗಾಳಿ ಎಳೆದಿರಬಹುದು ಎಂದು ಆ ಬೆರಳು ಲೆಕ್ಕ ಹಾಕುತ್ತಿತ್ತು. ಇಪ್ಪತ್ತು ವರ್ಷ ಅವಳು ಟಾರ್ಚಿನ ಬೆಳಕು ಹಿಡಿದದ್ದು ಆ ಬೆರಳಿಗೆ.

"ಸೆನ್ಸರ್ ಚೆನ್ನಾಗಿತ್ತು," ಎಂದಳು. "ಅದು ನಿಜಾನೇ ಏಳ್ತಿತ್ತು. ಅದರ ಮುಂದೆ ಬಿರುಕಿತ್ತು. ಅಷ್ಟೇ."

ಅವನು ಅವಳನ್ನು ನೋಡಿದ. ಗರ್ವವಿದ್ದ ಕಡೆ ಈಗ ಏನೂ ಇರಲಿಲ್ಲ. ಬಾಯಿ ತೆರೆಯಿತು, ಗಂಟಲಲ್ಲಿ ಏನೋ ಉರುಳಿತು, ಹೊರಗೆ ಬರಲಿಲ್ಲ. ಅವನೂ ಒಳಗೇ ಇದ್ದಾನೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಹೊಸದಾಗಿ ಕಂಡಿತು. ತಾನು ಶೆಡ್ಡಿನೊಳಗಿದ್ದರೆ ಅವನು ಅದಕ್ಕೂ ಒಳಗೆ.

ಸ್ಪ್ಯಾನರನ್ನು ಅವನ ಕೈಗೆ ಮರಳಿ ಕೊಟ್ಟಳು. ಮ್ಯಾನಿಫೋಲ್ಡು ಕೂರಿಸಿದಳು, ಹೊಸ ಗ್ಯಾಸ್ಕೆಟ್ಟು ಹಾಕಿದಳು, ಪ್ಲಗ್ಗುಗಳ ಮಸಿ ತೊಳೆದಳು. ಹಳೆಯ ಸೆನ್ಸರನ್ನೇ ಬಿಟ್ಟಳು. ಗಾಡಿ ಚಾಲೂ ಮಾಡಿ, ಕಾದ ಮೇಲೆ ಮೀಟರು ಹಚ್ಚಿದಳು. ಅಂಕಿ ಒಂದರಿಂದ ಒಂಬತ್ತಕ್ಕೆ, ಒಂಬತ್ತರಿಂದ ಒಂದಕ್ಕೆ ಉಯ್ಯಾಲೆ ಆಡತೊಡಗಿತು. ಹೊಗೆ ಬಣ್ಣವಿಲ್ಲದೆ ಹೋಗುತ್ತಿತ್ತು.

ಮೂರು ಗಂಟೆಗೆ ಚಿನ್ನತಂಬಿ ಬಂದ. ಗಾಡಿಯನ್ನು ಊರಾಚೆ ಓಡಿಸಿಕೊಂಡು ಬಂದು, ಬಾಗಿಲು ತೆರೆದಿಟ್ಟೇ ಇಳಿದ. "ಲೈಟು ಆರೋಗೈತೆ. ವಾಸ್ನೆ ಇಲ್ಲ. ಮದುಮಗಳ ಥರ ಓಗ್ತದೆ ಅಣ್ಣಾ. ಒರಿಜಿನಲ್ ಅಂದ್ರೆ ಒರಿಜಿನಲ್ಲೇ, ಅಲ್ವಾ?"

ತಿಲಗವತಿ ಬೆಂಚಿನ ಮೇಲಿನ ಡಬ್ಬಿಯನ್ನು ತಂದು ಅವನ ಕೈಗಿಟ್ಟಳು. ಸೀಲು ಒಡೆದಿರಲಿಲ್ಲ.

"ಸೆನ್ಸರ್ ಆಕಿಲ್ಲ ತಂಬಿ. ಇದನ್ನ ವಾಪಸ್ ಕೊಡು. ಒಗೆ ಕೊಳವೆ ಒಡೆದಿತ್ತು. ಮಾಟ್ಟುಪ್ಪೊಂಗಲ್ ದಿನ ಅವ್ವ ಬಿಸಿ ಇಂಜಿನ್ ಮೇಲೆ ತಣ್ಣೀರು ಉಯ್ದದ್ದಕ್ಕೆ. ನಾಳೆ ಉಯ್ಯಾಕೆ ಬಿಡ್ಬೇಡ. ಉಯ್ಯಲೇಬೇಕು ಅಂದ್ರೆ ಟೈರಿಗೆ ಉಯ್ಯಲಿ."

ಚಿನ್ನತಂಬಿ ಡಬ್ಬಿ ನೋಡಿದ, ಮಂಚ ನೋಡಿದ. "ಆದ್ರೆ ಅಣ್ಣ ನಿನ್ನೆ ಸೆನ್ಸರ್ ಅಂದ್ರಲ್ಲ."

ಅವಳ ಹತ್ತಿರ ಸುಳ್ಳು ಸಿದ್ಧವಾಗಿತ್ತು. ನೀ ಹೋದ ಮೇಲೆ ಅವರೇ ಮತ್ತೆ ನೋಡಿ ಹೇಳಿದರು ಎಂದರೆ ಸಾಕಿತ್ತು. ಬಟ್ಟೆ ಅವಳ ಕೈಯಲ್ಲಿತ್ತು. ಅದನ್ನು ಭುಜಕ್ಕೆ ಹಾಕಿದರೆ ಮಂಚದಿಂದ ಒಂದು ಏಟು ಬೀಳುತ್ತಿತ್ತು, ಎಲ್ಲ ಮೊದಲಿನಂತೆ ಆಗುತ್ತಿತ್ತು. ಅವಳು ಬಟ್ಟೆಯನ್ನು ಕೈಯಲ್ಲೇ ಮಡಿಸಿ ಹಿಡಿದಳು.

"ನಾನು ಕಂಡ್ಹಿಡ್ದೆ," ಎಂದಳು.

ಚಿನ್ನತಂಬಿ ನಕ್ಕ. ತಮಾಷೆಗೆ ಸೇರಿಸಿಕೊಳ್ಳುವವನ ಹಾಗೆ ಮಂಚದ ಕಡೆ ತಿರುಗಿದ. "ಕೇಳ್ದ್ಯಾ ಅಣ್ಣಾ, ಅತ್ತಿಗೆ ಏನಂತೈತೆ? ನೀನೇ ಏಳಿದ್ದು ತಾನೆ ಇದು?"

ಮುತ್ತುಸಾಮಿ ಸ್ಪ್ಯಾನರ್ ಎತ್ತಿದ.

ಟಣ್.

ತಿಲಗವತಿ ಕಣ್ಣು ಮುಚ್ಚಿಕೊಂಡಳು.

ಟಣ್.

ಎರಡನೆಯ ಏಟು ಮೊದಲನೆಯದಕ್ಕಿಂತ ಜೋರಾಗಿತ್ತು. ಅದರ ಸದ್ದು ತಗಡಿನ ಮಾಡಿನಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

ಚಿನ್ನತಂಬಿಯ ನಗು ಇಳಿಯಿತು. ಅವನು ಬುದ್ಧಿಯಿಲ್ಲದವನಲ್ಲ. ಮೂರು ವರ್ಷದಲ್ಲಿ ಈ ಮಂಚದ ಅಂಚಿನಲ್ಲಿ ಕೂತು ಕೇಳಿದ ಏಟುಗಳೆಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು: ಟೆಂಪೋದ ಗೇರು, ಪಂಪಿನ ಮೋಟರು, ಮಾವನ ಜೀಪು. "ಅಂಗಾರೆ ಅದೆಲ್ಲ..." ಎಂದು ಶುರುಮಾಡಿ ನಿಲ್ಲಿಸಿದ. ಅವಳ ಕೈಗಳನ್ನು ನೋಡಿದ. ಉಗುರಿನ ಸಂದಿಗಳಲ್ಲಿ ಮಸಿ, ಒಂದು ಬೆರಳಿನ ತುದಿಯಲ್ಲಿ ಸ್ವಲ್ಪ ಅರಿಶಿನ.

ಆಮೇಲೆ ಅವಳನ್ನು ಶೆಡ್ಡಿನ ಬಾಗಿಲ ಹತ್ತಿರ ಕರೆದ, ಮಂಚಕ್ಕೆ ಕೇಳಿಸದಂತೆ. ಅವನ ದನಿ ಬಹಳ ಮೆತ್ತಗಿತ್ತು.

"ಅತ್ತಿಗೆ, ನೀ ದೊಡ್ಡವಳು. ಇದು ನಮ್ಮೊಳಗೇ ಇರ್ಲಿ. ನಾ ಯಾರಿಗೂ ಏಳಲ್ಲ, ನನ್ ಮಗಳ ಮೇಲಾಣೆ. ಊರಿನ ಜನ ಅಣ್ಣನ ಎಸರಿಗೆ ಬತ್ತಾರೆ. ಆ ಎಸರಿನ ಮೇಲೇ ತಾನೆ ಅವ್ರು ಉಸಿರು ಇಡ್ಕಂಡಿರಾದು. ಎಂಗೋ ನಡೀತೈತೆ, ಅಂಗೇ ನಡೀಲಿ. ಅವ್ವನಿಗೂ ಅಣ್ಣನೇ ನೀರು ಬೇಡ ಅಂದ್ರು ಅಂತ ಏಳ್ತೀನಿ. ಆಗ ಕೇಳ್ತಾಳೆ."

ಅವನ ಕಣ್ಣಲ್ಲಿ ನೀರಿತ್ತು. ಸಿಟ್ಟು ಮಾಡಲು ಎಲ್ಲಿಯೂ ಜಾಗವಿರಲಿಲ್ಲ.

"ಸರಿ ತಂಬಿ," ಎಂದಳು ತಿಲಗವತಿ.

ಬಿಳಿ ಕಾರು ಹೊಗೆಯಿಲ್ಲದೆ ರಸ್ತೆಗೆ ಹತ್ತಿ ಹೋಯಿತು. ಅವಳು ಒಳಗೆ ಬರುವಷ್ಟರಲ್ಲಿ ಉತ್ತಮಪಾಳಯಂ ಕಡೆಯಿಂದ ಬಾಳೆಗೊನೆ ಹೊತ್ತ ಒಂದು ವ್ಯಾನು ಬಂದು ನಿಂತಿತು. ಡ್ರೈವರ್ ಇಳಿದ, ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಅವಳನ್ನು ದಾಟಿ ನೇರವಾಗಿ ಮಂಚದ ಹತ್ತಿರ ಹೋಗಿ ಕೂತ.

"ಅಣ್ಣಾ, ಏರು ಬಂದ್ರೆ ಎಳೀತಿಲ್ಲ. ಪಂಪು ಅಂತಾನೆ ಒಬ್ಬ, ಕ್ಲಚ್ಚು ಅಂತಾನೆ ಇನ್ನೊಬ್ಬ. ನೀ ಏಳಿದ್ದು ನನಗೆ ಸಾಕು."

ಮುತ್ತುಸಾಮಿ ಡ್ರೈವರನ್ನು ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ. ನೋಡುತ್ತಲೇ ಅವನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಸ್ಪ್ಯಾನರ್ ಮಂಚದ ಅಂಚಿಗೆ ತಾಗಿ ಸಿಮೆಂಟಿನ ನೆಲದ ಮೇಲೆ ಬಿತ್ತು. ಅದು ಜಾರಿದ್ದಲ್ಲ, ಬಿಟ್ಟದ್ದು. ಅವಳಿಗೆ ಮಾತ್ರ ಅದು ಗೊತ್ತಾಯಿತು.

ಡ್ರೈವರ್ ಬಗ್ಗಲು ಹೋದ.

"ಇರು, ನಾ ಎತ್ಕೊಡ್ತೀನಿ," ಎಂದಳು.

ಹೊರಗೆ ವ್ಯಾನಿನ ಇಂಜಿನ್ನು ಆರುತ್ತ ಟಿಕ್ ಟಿಕ್ ಅನ್ನುತ್ತಿತ್ತು. ತಿಲಗವತಿ ಬಾಗಿ ಸ್ಪ್ಯಾನರನ್ನು ಎತ್ತಿಕೊಂಡಳು. ಬಟ್ಟೆಯಿಂದ ಅದರ ಧೂಳು ಒರೆಸಿದಳು, ಒರೆಸಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಅದನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಗಳಲ್ಲಿ ಸ್ವಲ್ಪ ಹೊತ್ತು ಮುಚ್ಚಿ ಹಿಡಿದಳು. ಮತ್ತೆ ಟಾರ್ಚು ತೆಗೆದುಕೊಂಡು ವ್ಯಾನಿನ ಕಡೆಗೆ ನಡೆದಳು.